ಗಾಜಿನ ತೊಟ್ಟಿಯಲ್ಲೊಂದು ಹವಳದ ದಂಡೆ

(ನಮ್ಮ ಬಳಗದ ಮಾಸಿಕ ಸಭೆಯಲ್ಲಿ ಗ್ರಾಮಸ್ಥರು ಮತ್ತು ಕಾಲೇಜು ವಿದ್ಯಾರ್ಥಿಗಳ ಸಮ್ಮುಖದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಮಣ್ಣು, ಗೊಬ್ಬರ, ಅಡಿಕೆಯ ಕೊಳೆರೋಗ ಇವುಗಳ ಬಗ್ಗೆ ಮಾತನಾಡಿ ಅಭ್ಯಾಸವಿರುವ ನಾನು ಇಂದು ಸಮುದ್ರದ ಹವಳದ ಬಗ್ಗೆ ಮಾತನಾಡಲು ನಿಂತಿರುವುದು ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯವೆನಿಸಬಹುದು. ಇದಕ್ಕೆ ಕಾರಣ ಕಳೆದ ಸಭೆಯ ಬಳಿಕ ವಿದ್ಯಾರ್ಥಿಯೊಬ್ಬ ಕೇಳಿದ ಪ್ರಶ್ನೆ. ಅವನ ಚಿಕ್ಕಪ್ಪನ ಮಗ ಬೆಂಗಳೂರಿನಲ್ಲಿ ಉಪ್ಪುನೀರಿನ ಅಕ್ವೇರಿಯಂ ಒಂದನ್ನು ಇಟ್ಟುಕೊಂಡಿದ್ದಾನಂತೆ. ಅದರಲ್ಲಿ ಕಿತ್ತಳೆ ಬಣ್ಣದ, ಬಿಳಿಯ ಪಟ್ಟೆಗಳ ಎರಡು ಕ್ಲೌನ್ ಮೀನುಗಳಿವೆಯಂತೆ. "ಸರ್, ಅದರೊಳಗೆ ಹವಳವನ್ನೂ ಬೆಳೆಸಬಹುದೇ? ಏನೇನು ಸಲಕರಣೆ ಬೇಕು?" ಎಂದು ಅವನು ಕೇಳಿದ. ಒಂದು ಮಾತಿನಲ್ಲಿ ಉತ್ತರಿಸಬಹುದಾದ ಪ್ರಶ್ನೆ ಇದಲ್ಲ. ಈ ಕೆಲಸದಲ್ಲಿ ನಾನೇ ಒಮ್ಮೆ ಕೈಹಾಕಿ ತಪ್ಪು ಮಾಡಿದವನು. ಆದ್ದರಿಂದ ಇಂದಿನ ಸಭೆಯನ್ನು ಆ ಪ್ರಶ್ನೆಗೇ ಮೀಸಲಿಡಲು ಸಂಚಾಲಕರ ಅನುಮತಿ ಪಡೆದಿದ್ದೇನೆ.

ಹವಳವೆಂದರೇನು?

ಹವಳ ಕಲ್ಲಲ್ಲ, ಗಿಡವೂ ಅಲ್ಲ, ಅದೊಂದು ಪ್ರಾಣಿ. ಅಕ್ಕಿಕಾಳಿನಷ್ಟು ಚಿಕ್ಕದಾದ, ಬಾಯಿಯ ಸುತ್ತ ಎಳೆಗಳಿರುವ ಜೀವಿಗಳು ಸಾವಿರಾರು ಸಂಖ್ಯೆಯಲ್ಲಿ ಒಟ್ಟಾಗಿ ಬಾಳುತ್ತವೆ. ಅವುಗಳ ಚರ್ಮದೊಳಗೆ ಕಣ್ಣಿಗೆ ಕಾಣದ ಪಾಚಿ ವಾಸಿಸುತ್ತದೆ. ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಅದರ ಬಹುಪಾಲನ್ನು ಹವಳಕ್ಕೆ ಕೊಡುತ್ತದೆ. ಹವಳ ಪಾಚಿಗೆ ಆಶ್ರಯವನ್ನೂ ತನ್ನ ತ್ಯಾಜ್ಯದಲ್ಲಿರುವ ಸಾರಜನಕವನ್ನೂ ಕೊಡುತ್ತದೆ. ನಮ್ಮ ಕಾಡಿನ ಮರಗಳ ಮೇಲೆ ಬೆಳೆಯುವ, ಅಡುಗೆಯ ಮಸಾಲೆಗೂ ಬಳಸುವ ಕಲ್ಲುಹೂವನ್ನು ನೀವೆಲ್ಲ ಬಲ್ಲಿರಿ. ಅದು ಶಿಲೀಂಧ್ರ ಮತ್ತು ಪಾಚಿ ಕೂಡಿ ನಡೆಸುವ ಸಂಸಾರ. ಹವಳದ್ದೂ ಅಂಥದೇ ಸಂಸಾರ. ಒಂದೇ ವ್ಯತ್ಯಾಸವೆಂದರೆ ಇಲ್ಲಿ ಮನೆಯೊಡೆಯ ಪ್ರಾಣಿ.

ದಂಡೆ ಕಟ್ಟುವ ಹವಳಗಳು ನೀರಿನಲ್ಲಿ ಕರಗಿರುವ ಸುಣ್ಣದ ಅಂಶವನ್ನು ಹೀರಿಕೊಂಡು ತಮ್ಮ ಕೆಳಗೆ ಕಲ್ಲಿನಂಥ ಗೂಡು ಕಟ್ಟುತ್ತವೆ. ನಮ್ಮ ತಾಯಂದಿರ ಕೊರಳಿನ ಕೆಂಪು ಹವಳ ಬೇರೆ ಜಾತಿಯದು. ಅದು ಮೆಡಿಟರೇನಿಯನ್ ಸಮುದ್ರದ ಮಂದಬೆಳಕಿನಲ್ಲಿ, ಪಾಚಿಯ ನೆರವಿಲ್ಲದೆ ಬೆಳೆಯುತ್ತದೆ. ಇಂದಿನ ವಿಷಯ ಬಿಸಿಲನ್ನು ಬೇಡುವ ಹವಳಗಳದ್ದು.

ಒಬ್ಬ ಹಿರಿಯರ ಮನೆಯ ತೊಟ್ಟಿ

2012ರಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳ ಅಧ್ಯಯನಕ್ಕಾಗಿ ನಾನು ಒಂದು ವರ್ಷ ಜರ್ಮನಿಯಲ್ಲಿದ್ದೆ. ನಾನು ಬಾಡಿಗೆಗಿದ್ದ ಮನೆಯ ಒಡೆಯರು ನಿವೃತ್ತರು, ಒಂಟಿಯಾಗಿದ್ದವರು. ಅವರ ನಡುಮನೆಯಲ್ಲಿ ಇನ್ನೂರು ಲೀಟರಿನ ಉಪ್ಪುನೀರಿನ ತೊಟ್ಟಿಯಿತ್ತು. ಅದರಲ್ಲಿ ಎರಡು ಕ್ಲೌನ್ ಮೀನು, ಒಂದು ಚಿಟ್ಟೆಮೀನು. ಅದನ್ನು ಹವಳದ ತೊಟ್ಟಿಯಾಗಿ ಮಾಡಬೇಕೆಂಬುದು ಅವರ ಹಂಬಲ. ವಾರಾಂತ್ಯದಲ್ಲಿ ನೀರು ಹೊರುವ ಕೆಲಸದಿಂದ ನನ್ನ ಶಿಷ್ಯವೃತ್ತಿ ಆರಂಭವಾಯಿತು.

ಈ ವಿದ್ಯೆಗೆ ಒಂದು ಇತಿಹಾಸವಿದೆ. 1961ರಲ್ಲಿ ಜಕಾರ್ತದ ಲೀ ಚಿನ್ ಎಂಗ್ ಎಂಬವರು, ಸಮುದ್ರದಿಂದ ತಂದ ಜೀವಂತ ಕಲ್ಲು ಮತ್ತು ಗಾಳಿಗುಳ್ಳೆಗಳಷ್ಟರಿಂದಲೇ ತೊಟ್ಟಿಯ ನೀರು ಶುದ್ಧವಾಗಿರುತ್ತದೆಂದು ಬರೆದು ತೋರಿಸಿದರು. 1970ರ ದಶಕದಲ್ಲಿ ಪೀಟರ್ ವಿಲ್ಕೆನ್ಸ್ ಅವರು ಹವಳಕ್ಕೆ ಸುಣ್ಣದ ತಿಳಿ ಕೊಡುವ ಕ್ರಮವನ್ನು ಪ್ರಚಾರಕ್ಕೆ ತಂದರು. ಜೀವಂತ ಕಲ್ಲು, ನೊರೆ ತೆಗೆಯುವ ಯಂತ್ರ, ತೀಕ್ಷ್ಣ ಬೆಳಕು, ಸುಣ್ಣದ ತಿಳಿ ಇವನ್ನು ಕೂಡಿಸಿದ ಪದ್ಧತಿಗೆ ಬರ್ಲಿನ್ ನಗರದ ಹವ್ಯಾಸಿಗಳಿಂದಾಗಿ ಬರ್ಲಿನ್ ಪದ್ಧತಿ ಎಂದೇ ಹೆಸರು ಬಂದಿತು. ನಮ್ಮ ಹಿರಿಯರೂ ಇದೇ ಪದ್ಧತಿಯವರು.

ಮೀನಿನ ತೊಟ್ಟಿಗೂ ಹವಳದ ತೊಟ್ಟಿಗೂ ಇರುವ ಅಂತರವನ್ನು ಮೊದಲು ತಿಳಿಯಬೇಕು. ಮೀನು ಸ್ವಲ್ಪ ಹೊಲಸು ನೀರನ್ನು ಸಹಿಸುತ್ತದೆ. ಲೀಟರಿಗೆ 40 ಮಿಲಿಗ್ರಾಂ ನೈಟ್ರೇಟ್ ಇದ್ದರೂ ಬದುಕುತ್ತದೆ. ಹವಳಕ್ಕೆ ಅದು 10ರೊಳಗಿರುವುದು ಲೇಸು. ಮೀನಿಗೆ ಬೆಳಕು ಬೇಕಿರುವುದು ನಮ್ಮ ನೋಟಕ್ಕಾಗಿ. ಹವಳಕ್ಕೆ ಬೆಳಕೇ ಅನ್ನ. ಮೀನು ನೀರಿನಿಂದ ಸುಣ್ಣವನ್ನು ಲೆಕ್ಕಕ್ಕೆ ಬರುವಷ್ಟು ತೆಗೆಯುವುದಿಲ್ಲ. ಹವಳ ದಿನವೂ ತೆಗೆಯುತ್ತದೆ. ಈ ಮೂರು ಭೇದಗಳಿಂದಲೇ ಹೊಸ ಸಲಕರಣೆಗಳೆಲ್ಲ ಹುಟ್ಟುತ್ತವೆ.

ನೀರು ಮತ್ತು ಉಪ್ಪು

ನಲ್ಲಿಯ ನೀರಿನಲ್ಲಿ ಫಾಸ್ಫೇಟ್, ನೈಟ್ರೇಟ್, ಸಿಲಿಕೇಟ್, ಕೆಲವೊಮ್ಮೆ ಕೊಳವೆಗಳಿಂದ ಬಂದ ತಾಮ್ರ ಇರುತ್ತವೆ. ಆದ್ದರಿಂದ ಆರ್.ಓ. ಯಂತ್ರದಲ್ಲಿ ಸೋಸಿ, ಮತ್ತೆ ರಾಳದ ಶೋಧಕದಲ್ಲಿ ಹಾಯಿಸಿದ ನೀರನ್ನೇ ಬಳಸಬೇಕು. ಅದಕ್ಕೆ ಸಮುದ್ರಲವಣದ ಸಿದ್ಧ ಮಿಶ್ರಣವನ್ನು ಸೇರಿಸಿ ಲವಣಾಂಶವನ್ನು ಲೀಟರಿಗೆ ಸುಮಾರು 35 ಗ್ರಾಂಗೆ ತರಬೇಕು. ಅಡುಗೆಯ ಉಪ್ಪು ಇದಕ್ಕೆ ಆಗದು; ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಇಲ್ಲವೆನ್ನುವಷ್ಟು ಕಡಿಮೆ. ಲವಣಾಂಶವನ್ನು ಅಳೆಯಲು ರಿಫ್ರಾಕ್ಟೋಮೀಟರ್ ಬೇಕು.

ತೊಟ್ಟಿಯಿಂದ ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಆದ್ದರಿಂದ ಕಡಿಮೆಯಾದ ಮಟ್ಟವನ್ನು ಸಿಹಿನೀರಿನಿಂದಲೇ ತುಂಬಬೇಕು. ಆ ಮನೆಯ ತೊಟ್ಟಿಯಲ್ಲಿ ದಿನಕ್ಕೆ ಸುಮಾರು ಎರಡು ಲೀಟರ್ ಆವಿಯಾಗುತ್ತಿತ್ತು. ತೊಟ್ಟಿ ಚಿಕ್ಕದಾದಷ್ಟೂ ಈ ಏರುಪೇರು ತೀವ್ರ. ಸಣ್ಣ ತೊಟ್ಟಿ ಸುಲಭವೆಂದು ಹೊಸಬರು ಭಾವಿಸುತ್ತಾರೆ. ವಾಸ್ತವವಾಗಿ ಅದೇ ಕಷ್ಟದ್ದು.

ಜೀವಂತ ಕಲ್ಲು

ಸಮುದ್ರದ ಸಚ್ಛಿದ್ರ ಕಲ್ಲಿನ ಹೊರಪದರದಲ್ಲಿ ಗಾಳಿ ಬೇಡುವ ಬ್ಯಾಕ್ಟೀರಿಯಾಗಳು ಅಮೋನಿಯವನ್ನು ನೈಟ್ರೈಟ್ ಆಗಿ, ಬಳಿಕ ನೈಟ್ರೇಟ್ ಆಗಿ ಮಾಡುತ್ತವೆ. ಒಳಗಿನ ಗಾಳಿಯಿಲ್ಲದ ಭಾಗದಲ್ಲಿ ಬೇರೆ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಬಿಟ್ಟುಬಿಡುತ್ತವೆ. ನೀರು ನಿಂತ ಭತ್ತದ ಗದ್ದೆಯಲ್ಲಿ ಮೇಲಿನ ತೆಳುಪದರದಲ್ಲೊಂದು, ಕೆಳಗಿನ ಕೆಸರಿನಲ್ಲೊಂದು ಕ್ರಿಯೆ ನಡೆದು ಯೂರಿಯದ ಪಾಲು ಗಾಳಿಗೆ ಹೋಗುವುದನ್ನು ನಾನು ಹಲವು ಸಭೆಗಳಲ್ಲಿ ವಿವರಿಸಿದ್ದೇನೆ. ಗದ್ದೆಯಲ್ಲಿ ನಮಗೆ ನಷ್ಟವೆನಿಸುವ ಆ ಕ್ರಿಯೆಯೇ ತೊಟ್ಟಿಯಲ್ಲಿ ವರ! ಈ ಜೀವಿಗಳು ನೆಲೆಯೂರಲು ನಾಲ್ಕರಿಂದ ಆರು ವಾರಗಳಾದರೂ ಬೇಕು. ಅಮೋನಿಯ ಮತ್ತು ನೈಟ್ರೈಟ್ ಶೂನ್ಯಕ್ಕಿಳಿಯುವ ಮುನ್ನ ಯಾವ ಹವಳವನ್ನೂ ಒಳಗೆ ಬಿಡಬಾರದು. ಇಂದು ಒಣ ಕಲ್ಲನ್ನೋ ಸಿಮೆಂಟಿನಿಂದ ಮಾಡಿದ ಕಲ್ಲನ್ನೋ ಇಟ್ಟು ಬ್ಯಾಕ್ಟೀರಿಯಾಗಳನ್ನು ಬೆಳೆಸಿಕೊಳ್ಳುವ ರೂಢಿಯೂ ಇದೆ; ಸಮುದ್ರದಿಂದ ಕಲ್ಲು ಕೀಳುವುದಕ್ಕಿಂತ ಇದು ಮೇಲು.

ಮೈಲುತುತ್ತದ ಪಾಠ

ಇಲ್ಲೊಂದು ಎಚ್ಚರಿಕೆ. ಆ ಹಿರಿಯರು ತಂದ ಮೊದಲ ಮೆದುಹವಳ ಒಂದು ವಾರವಾದರೂ ಅರಳಲಿಲ್ಲ. ಜೊತೆಗೆ ಬಿಟ್ಟ ಸಿಗಡಿ ಎರಡನೆಯ ದಿನವೇ ಸತ್ತಿತು. ಉಪ್ಪು, ಉಷ್ಣತೆ ಎಲ್ಲವೂ ಸರಿಯಾಗಿದ್ದವು. ಕೊನೆಗೆ ಅವರಿಗೆ ನೆನಪಾಯಿತು: ಹಿಂದಿನ ವರ್ಷ ಮೀನಿಗೆ ಚುಕ್ಕೆರೋಗ ಬಂದಾಗ ಅದೇ ತೊಟ್ಟಿಗೆ ತಾಮ್ರದ ಔಷಧ ಹಾಕಿದ್ದರು. ಮೀನಿನ ಪರಾವಲಂಬಿಗಳನ್ನು ಕೊಲ್ಲಲು ಲೀಟರಿಗೆ 0.2 ಮಿಲಿಗ್ರಾಂನಷ್ಟು ತಾಮ್ರ ಸಾಕು. ಬೆನ್ನೆಲುಬಿಲ್ಲದ ಜೀವಿಗಳಿಗೆ ಅದು ಮಾರಕ. ಕಲ್ಲು ಮತ್ತು ಮರಳು ತಾಮ್ರವನ್ನು ಹೀರಿಟ್ಟುಕೊಂಡು ನಿಧಾನವಾಗಿ ಬಿಡುತ್ತವೆ.

ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಕಲಸುವುದನ್ನು ನೋಡುತ್ತ ಬೆಳೆದವನು ನಾನು. ಮೈಲುತುತ್ತ ಕೊಳೆರೋಗದ ರೋಗಾಣುವನ್ನೇ ಕೊಲ್ಲುತ್ತದೆಯೆಂದು ತಿಳಿದಿದ್ದರೂ ತಾಮ್ರದ ಗುಮಾನಿ ನನಗೆ ಮೊದಲು ಬರಲಿಲ್ಲವೆಂದು ನಾಚಿಕೆಯಾಯಿತು. ಕಲ್ಲು, ಮರಳು ಎರಡನ್ನೂ ಹೊರಹಾಕಿ ಮೊದಲಿನಿಂದ ಆರಂಭಿಸಿದೆವು. ಹಳೆಯ ಮೀನಿನ ತೊಟ್ಟಿಯನ್ನು ಹವಳಕ್ಕೆ ಸಜ್ಜುಗೊಳಿಸುವವರು ಮೊದಲು ಕೇಳಬೇಕಾದ ಪ್ರಶ್ನೆ ಇದು: ಇದರಲ್ಲಿ ಹಿಂದೆ ತಾಮ್ರ ಬಿದ್ದಿದೆಯೇ? ಎರಡನೆಯ ಪ್ರಶ್ನೆ: ಇದರಲ್ಲಿರುವ ಮೀನು ಹವಳ ತಿನ್ನುವಂಥದೇ? ಚಿಟ್ಟೆಮೀನುಗಳಲ್ಲಿ ಹಲವು ತಿನ್ನುತ್ತವೆ. ಅದನ್ನು ಹಿರಿಯರು ಪರಿಚಿತರೊಬ್ಬರ ತೊಟ್ಟಿಗೆ ದಾಟಿಸಿದರು.

ನೊರೆ, ಅಲೆ, ಬೆಳಕು

ಪ್ರೋಟೀನ್ ಸ್ಕಿಮ್ಮರ್ ಎಂಬ ಯಂತ್ರದಲ್ಲಿ ನೀರಿನೊಳಗೆ ಅತಿಸಣ್ಣ ಗಾಳಿಗುಳ್ಳೆಗಳನ್ನು ಹಾಯಿಸುತ್ತಾರೆ. ಮೀನಿನ ಹೊಲಸು, ಉಳಿದ ಆಹಾರ ಮುಂತಾದ ಸಾವಯವ ಪದಾರ್ಥಗಳು ಗುಳ್ಳೆಗಳಿಗೆ ಅಂಟಿ ನೊರೆಯಾಗಿ ಮೇಲೇರಿ ಬಟ್ಟಲಿನಲ್ಲಿ ಶೇಖರವಾಗುತ್ತವೆ. ಆಲೆಮನೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಮೇಲೆ ಬಂದ ಕೊಳೆಯ ನೊರೆಯನ್ನು ತೆಗೆಯುವುದಿಲ್ಲವೇ, ಹಾಗೆ. ಕೊಳೆತು ನೈಟ್ರೇಟ್ ಆಗುವ ಮೊದಲೇ ಹೊಲಸನ್ನು ಹೊರಗೆ ಸಾಗಿಸುವುದು ಇದರ ಗುಣ.

ಹವಳ ನಡೆಯಲಾರದು; ಆಹಾರವನ್ನು ತರುವುದೂ ಕೊಳೆಯನ್ನು ಒಯ್ಯುವುದೂ ಅಲೆಯ ಕೆಲಸ. ಆದ್ದರಿಂದ ತೊಟ್ಟಿಯ ನೀರಿನ ಇಪ್ಪತ್ತರಿಂದ ನಲವತ್ತು ಪಟ್ಟು ನೀರು ಪ್ರತಿ ಗಂಟೆಗೆ ಚಲಿಸುವಂತೆ ಪಂಪುಗಳನ್ನು ಅಳವಡಿಸಬೇಕು. ಅದು ಒಂದೇ ದಿಕ್ಕಿನ ರಭಸವಾಗಿರದೆ ಆಗಾಗ ದಿಕ್ಕು ಬದಲಿಸುವಂತಿರಬೇಕು.

ಬೆಳಕಿಗೆ ಹಿಂದೆ ಮೆಟಲ್ ಹ್ಯಾಲೈಡ್ ದೀಪಗಳು, ಟ್ಯೂಬುಗಳು ಇದ್ದವು. ಈಗ ಎಲ್‌ಇಡಿ ದೀಪಗಳು ಅವುಗಳ ಸ್ಥಾನ ಪಡೆದಿವೆ. ಆಳಕ್ಕಿಳಿಯುವುದು ನೀಲಿ ಬೆಳಕಾದ್ದರಿಂದ ಈ ದೀಪಗಳಲ್ಲಿ ನೀಲಿಯ ಪಾಲು ಹೆಚ್ಚು. ದಿನಕ್ಕೆ ಎಂಟರಿಂದ ಹತ್ತು ಗಂಟೆ ಸಾಕು. ಮೆದುಹವಳಗಳಿಗೆ ಮಿತವಾದ ಬೆಳಕು, ಕವಲುಕವಲಾದ ಆಕ್ರೊಪೋರದಂಥ ಕಲ್ಲುಹವಳಗಳಿಗೆ ಅದರ ಎರಡು ಮೂರು ಪಟ್ಟು ಬೆಳಕು ಬೇಕು. ಆದರೆ ಹೊಸ ಹವಳವನ್ನು ಒಮ್ಮೆಗೇ ಪೂರ್ಣ ಬೆಳಕಿಗೆ ಒಡ್ಡಬಾರದು. ನೆರಳಿನ ಅಡಿಕೆ ಸಸಿಯನ್ನು ಬೇಸಿಗೆಯ ಬಯಲಿಗೆ ತಂದಿಟ್ಟರೆ ಎಲೆ ಸುಡುವಂತೆ ಹವಳವೂ ಬಿಳಿಚಿಕೊಳ್ಳುತ್ತದೆ. ಮೊದಲು ತಳದಲ್ಲಿಟ್ಟು, ವಾರಗಳ ಅಂತರದಲ್ಲಿ ಮೇಲೇರಿಸಬೇಕು.

ಉಷ್ಣತೆ 25-26 ಡಿಗ್ರಿಯ ಸುತ್ತ ಸ್ಥಿರವಾಗಿರಬೇಕು. ಅಲ್ಲಿ ಚಳಿಗಾಲಕ್ಕೆ ಹೀಟರ್ ಇತ್ತು, ಬೇಸಿಗೆಗೆ ನೀರಿನ ಮೇಲೆ ಗಾಳಿ ಬೀಸುವ ಫ್ಯಾನ್ ಇತ್ತು. ನಮ್ಮ ಊರುಗಳ ಸೆಖೆಯಲ್ಲಾದರೆ ನೀರನ್ನು ತಣಿಸುವ ಚಿಲ್ಲರ್ ಯಂತ್ರವೇ ಬೇಕಾದೀತು. ನಮ್ಮಲ್ಲಿ ಕರೆಂಟು ಹೋಗುವುದು ಹೇಗೆಂದು ನಿಮಗೆ ಹೇಳಬೇಕಾಗಿಲ್ಲ. ಅಲೆ ನಿಂತರೆ ಕೆಲವೇ ಗಂಟೆಗಳಲ್ಲಿ ಆಮ್ಲಜನಕ ತಗ್ಗುತ್ತದೆ. ಬ್ಯಾಟರಿಯ ಗಾಳಿಪಂಪು ಇಲ್ಲದೆ ಇಂಥ ತೊಟ್ಟಿಯನ್ನು ಇಡಲೇಬಾರದು.

ಸುಣ್ಣದ ಲೆಕ್ಕ ಮತ್ತು ನನ್ನ ತಪ್ಪು

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹವಳದ ತೊಟ್ಟಿಯಲ್ಲಿ ಕ್ಯಾಲ್ಸಿಯಂ ಲೀಟರಿಗೆ 400ರಿಂದ 450 ಮಿಲಿಗ್ರಾಂ, ಮೆಗ್ನೀಸಿಯಂ ಸುಮಾರು 1300 ಮಿಲಿಗ್ರಾಂ ಇರಬೇಕು. ಕ್ಷಾರತೆಯನ್ನು ಜರ್ಮನ್ ಡಿಗ್ರಿಗಳಲ್ಲಿ ಅಳೆಯುತ್ತಾರೆ. ಅದು 7ರಿಂದ 11ರೊಳಗೆ, ಮುಖ್ಯವಾಗಿ ಏರಿಳಿತವಿಲ್ಲದೆ ಇರಬೇಕು. ನಾವು ಮಣ್ಣಿನ ಪರೀಕ್ಷೆಯಲ್ಲಿ ರಸಸಾರವೆನ್ನುವುದು ಇಲ್ಲಿ 8.1ರಿಂದ 8.4. ಹವಳ ತನ್ನ ಗೂಡಿಗಾಗಿ ಕ್ಷಾರತೆಯ 2.8 ಡಿಗ್ರಿಯನ್ನು ಖರ್ಚುಮಾಡಿದಾಗ ಕ್ಯಾಲ್ಸಿಯಂ ಲೀಟರಿಗೆ 20 ಮಿಲಿಗ್ರಾಂ ಇಳಿಯುತ್ತದೆ. ಸುಣ್ಣದ ತಿಳಿ ಇವೆರಡನ್ನೂ ಇದೇ ಪ್ರಮಾಣದಲ್ಲಿ ಹಿಂದಿರುಗಿಸುತ್ತದೆ. ಎಲೆಯಡಿಕೆಯ ಸುಣ್ಣದ ಡಬ್ಬಿಯ ಮೇಲೆ ನಿಲ್ಲುವ ತಿಳಿನೀರೇ ಅದು. ತೊಟ್ಟಿಗೆ ಮಾತ್ರ ಶುದ್ಧೀಕರಿಸಿದ ಸುಣ್ಣವಾಗಿರಬೇಕು.

ಆದರೆ ಆ ತಿಳಿಯ ರಸಸಾರ 12ಕ್ಕೂ ಮೇಲು. ಆದ್ದರಿಂದ ಅದನ್ನು ಆವಿಯಾದ ನೀರಿನ ಬದಲಿಗೆ, ರಾತ್ರಿಯ ಹೊತ್ತು, ಹನಿಹನಿಯಾಗಿ ಬಿಡುತ್ತಾರೆ. ರಾತ್ರಿ ಪಾಚಿ ಬೆಳಕಿಲ್ಲದೆ ಉಸಿರಾಡುವುದರಿಂದ ಇಂಗಾಲದ ಡೈಆಕ್ಸೈಡ್ ಹೆಚ್ಚಿ ರಸಸಾರ ಇಳಿಯುತ್ತದೆ. ಹನಿಯುವ ಸುಣ್ಣ ಅದನ್ನು ಸರಿದೂಗಿಸುತ್ತದೆ.

2013ರ ವಸಂತದಲ್ಲಿ ಮನೆಯೊಡೆಯರು ಮಂಡಿಯ ಶಸ್ತ್ರಚಿಕಿತ್ಸೆಗೆಂದು ಆಸ್ಪತ್ರೆ ಸೇರಿದರು. ತೊಟ್ಟಿಯನ್ನು ನನ್ನ ಸುಪರ್ದಿಗೆ ಬಿಟ್ಟುಹೋದರು. ಆ ವೇಳೆಗೆ ಅದರಲ್ಲಿ ಮೆದುಹವಳಗಳೂ, ಸುತ್ತಿಗೆಹವಳವೆಂಬ ಒಂದು ಕಲ್ಲುಹವಳವೂ ನೆಲೆನಿಂತಿದ್ದವು. ಅದು ಅವರ ದಿವಂಗತ ಪತ್ನಿಯ ಸ್ನೇಹಿತೆಯೊಬ್ಬರು ತಮ್ಮ ತೊಟ್ಟಿಯಿಂದ ಕತ್ತರಿಸಿ ಕೊಟ್ಟ ತುಂಡು. ಮೂರನೆಯ ದಿನ ಕ್ಷಾರತೆ 6.5ಕ್ಕೆ ಇಳಿದಿತ್ತು. ಹುಳಿಮಣ್ಣಿಗೆ ಸುಣ್ಣ ಎರಚುವ ಶಿಫಾರಸುಗಳನ್ನು ಬರೆದು ಬರೆದು ರೂಢಿಯಾದ ಕೈ ನನ್ನದು. ಹನಿಯಾಗಿ ಬಿಡುವ ತಾಳ್ಮೆಯಿಲ್ಲದೆ ಮೂರು ಲೀಟರ್ ಸುಣ್ಣದ ನೀರನ್ನು, ತಳದ ಗಸಿಯೊಡನೆ, ಹಾಡಹಗಲೇ ಒಮ್ಮೆಗೆ ಸುರಿದುಬಿಟ್ಟೆ.

ನೀರು ಹಾಲಿನಂತಾಯಿತು. ರಸಸಾರ 9ರ ಸಮೀಪಕ್ಕೆ ಜಿಗಿಯಿತು. ಕರಗಿದ್ದ ಸುಣ್ಣವೇ ಹರಳುಗಟ್ಟಿ ತಳಕ್ಕಿಳಿಯಿತು. ಸಂಜೆ ಅಳೆದರೆ ಕ್ಷಾರತೆ ಮೊದಲಿಗಿಂತ ಕಡಿಮೆ! ಎರಡು ದಿನಗಳಲ್ಲಿ ಸುತ್ತಿಗೆಹವಳದ ಮಾಂಸ ಕಳಚಿ ಬಿಳಿಯ ಅಸ್ಥಿ ಉಳಿಯಿತು. ಮಣ್ಣಿಗೆ ತಪ್ಪನ್ನು ತಡೆದುಕೊಳ್ಳುವ ಶಕ್ತಿಯಿದೆ. ಜೇಡಿ, ಹ್ಯೂಮಸ್‌ಗಳು ಆಘಾತವನ್ನು ಹೀರಿಕೊಳ್ಳುತ್ತವೆ. ಇನ್ನೂರು ಲೀಟರ್ ನೀರಿಗೆ ಅಂಥ ಶಕ್ತಿಯಿಲ್ಲವೆಂಬುದನ್ನು ಡಾಕ್ಟರೇಟ್ ಪಡೆದ ನಾನು ಯೋಚಿಸಲಿಲ್ಲ.

ಅವರು ಊರುಗೋಲಿನೊಡನೆ ಹಿಂದಿರುಗಿ ತೊಟ್ಟಿಯ ಮುಂದೆ ಬಹಳ ಹೊತ್ತು ಕುಳಿತರು. ಗದರಲಿಲ್ಲ. ಹನಿ ಬಾಟಲಿಯನ್ನು ತರಿಸಿ ನನ್ನ ಕೈಯಲ್ಲೇ ಅದರ ತಿರುಪನ್ನು ಸರಿಪಡಿಸಿ, "ಒಂದು ಸೆಕೆಂಡಿಗೆ ಒಂದು ಹನಿ. ಎಣಿಸಿ" ಎಂದರು. ನಾನು ಎಣಿಸಿದೆ. ಇನ್ನೊಂದು ತುಂಡನ್ನು ಆ ಮಹಿಳೆ ಕೊಟ್ಟರು. ನಾನು ಭಾರತಕ್ಕೆ ಹೊರಡುವ ಹೊತ್ತಿಗೆ ಅದು ಅರಳಿತ್ತು.

ಹೊಸಬರು ಅಣಬೆಹವಳ, ತೊಗಲುಹವಳಗಳಂಥ ಗಟ್ಟಿಮುಟ್ಟಾದ ಮೆದುಹವಳಗಳಿಂದ ಆರಂಭಿಸಿ, ತಿಂಗಳುಗಳ ಕಾಲ ಅಳತೆಗಳು ಸ್ಥಿರವಾಗಿ ನಿಂತ ಮೇಲೆ ಮುಂದುವರಿಯುವುದು ಕ್ರಮ. ಝೊವಾಂಥಿಡ್ ಜಾತಿಯವುಗಳಲ್ಲಿ ಕೆಲವು ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವನ್ನು ಹೊಂದಿರುತ್ತವೆ. ಅವುಗಳನ್ನು ಬರಿಗೈಯಲ್ಲಿ ಮುಟ್ಟಬಾರದು. ಅವು ಅಂಟಿರುವ ಕಲ್ಲನ್ನು ಎಂದೂ ಕುದಿಸಬಾರದು.

ನಮ್ಮ ದೇಶದಲ್ಲಿ

ಇನ್ನು ವಿದ್ಯಾರ್ಥಿಯ ಪ್ರಶ್ನೆಗೆ ನೇರ ಉತ್ತರ. ಭಾರತದಲ್ಲಿ ದಂಡೆ ಕಟ್ಟುವ ಎಲ್ಲ ಹವಳಗಳು, ಕಪ್ಪುಹವಳ, ಬೆಂಕಿಹವಳ, ಸಮುದ್ರ ಬೀಸಣಿಗೆಗಳು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿದವು. ಹುಲಿ, ಆನೆಗಳಿಗಿರುವ ರಕ್ಷಣೆಯೇ ಅವಕ್ಕೂ ಇದೆ. ಸಮುದ್ರದಿಂದ ಅವನ್ನು ಕೀಳುವುದು, ಮಾರುವುದು ಸೆರೆವಾಸದ ಅಪರಾಧ. ಸತ್ತು ಬೆಳ್ಳಗಾದ ತುಂಡಿಗೂ ಇದು ಅನ್ವಯ. ಕಲ್ಲುಹವಳಗಳ ಅಂತರರಾಷ್ಟ್ರೀಯ ವ್ಯಾಪಾರವೂ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿದೆ. ಆ ಜರ್ಮನ್ ಹಿರಿಯರ ಹವಳ ಇನ್ನೊಂದು ತೊಟ್ಟಿಯಲ್ಲಿ ಬೆಳೆದ ತುಂಡಾಗಿತ್ತು. ನಮ್ಮ ಪೇಟೆಯಲ್ಲಿ ಗುಟ್ಟಾಗಿ ದೊರಕುವುದು ಎಲ್ಲಿಯದೆಂದು ಯಾರು ಬಲ್ಲರು? ಆದ್ದರಿಂದ ನಿನ್ನ ಅಣ್ಣನಿಗೆ ಹೇಳು: ಮೀನಿನ ತೊಟ್ಟಿ ಮೀನಿನ ತೊಟ್ಟಿಯಾಗಿಯೇ ಇರಲಿ. ಮೀನನ್ನಾದರೂ ತಳಿಕೇಂದ್ರದಲ್ಲಿ ಹುಟ್ಟಿದ್ದನ್ನೇ ಕೊಳ್ಳಲಿ. ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿಮಾಡಿಸುವ ವಿಧಾನವನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದೆ.

ಹಾಗಾದರೆ ಇಷ್ಟು ಹೊತ್ತು ಸಲಕರಣೆಗಳನ್ನು ವಿವರಿಸಿದ್ದೇಕೆ? ಒಂದು ದಂಡೆ ಏನನ್ನು ಬೇಡುತ್ತದೆಂಬುದು ತೊಟ್ಟಿಯ ಲೆಕ್ಕದಲ್ಲಿ ಅಂಗೈ ಮೇಲೆ ಕಾಣುತ್ತದೆ. ನಮ್ಮ ತೊಟ್ಟಿಗೆ ಫ್ಯಾನ್ ಇತ್ತು, ಸಮುದ್ರಕ್ಕೆ ಇಲ್ಲ. ಬೇಸಿಗೆಯ ಗರಿಷ್ಠ ಉಷ್ಣತೆಗಿಂತ ಒಂದೇ ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೆ ಹವಳ ತನ್ನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಜಗತ್ತಿನಾದ್ಯಂತ ಇದು 1998ರಲ್ಲಿ, 2010ರಲ್ಲಿ, 2014ರಿಂದ 2017ರವರೆಗೆ ನಡೆಯಿತು. ನಾಲ್ಕನೆಯದು ನಡೆಯುತ್ತಿದೆಯೆಂದು 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಸಾರಿದರು. ಆ ವರ್ಷ ಲಕ್ಷದ್ವೀಪದ ಹವಳಗಳೂ ವ್ಯಾಪಕವಾಗಿ ಬಿಳಿಚಿಕೊಂಡವು.

ಹವಳ ಕರ್ನಾಟಕದಲ್ಲೂ ಇದೆ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ. ಹವಳಕ್ಕೆ ತಿಳಿನೀರು ಬೇಕು; ಹೂಳು ಬೆಳಕನ್ನು ತಡೆದು ಅದನ್ನು ಉಸಿರುಗಟ್ಟಿಸುತ್ತದೆ. ನದಿಮುಖಗಳ ಬಳಿ ದಂಡೆಗಳು ಬೆಳೆಯದಿರಲು ಇದೂ ಒಂದು ಕಾರಣ. ನಮ್ಮ ಘಟ್ಟದ ಇಳಿಜಾರನ್ನು ಬೋಳಿಸಿದಾಗ, ರಸ್ತೆಗಾಗಿ ಅಗೆದ ಮಣ್ಣನ್ನು ಹಳ್ಳಕ್ಕೆ ತಳ್ಳಿದಾಗ ಆ ಕೆಂಪು ನೀರು ಹೋಗಿ ಸೇರುವುದು ಇದೇ ಕಡಲನ್ನು. ಬೆಟ್ಟದ ಸೊಪ್ಪಿನ ಹೊದಿಕೆ, ತೋಟದ ಇಂಗುಗುಂಡಿ, ಹಳ್ಳದ ದಡದ ವಾಟೆ ಮತ್ತು ಬಿದಿರು ನಮ್ಮ ಮಣ್ಣನ್ನು ಕಾಯುವುದರ ಜೊತೆಗೆ ಕಡಲಿನ ತಿಳಿಯನ್ನೂ ಕಾಯುತ್ತವೆ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ. ಶಿಕ್ಷಕರ ಎದುರಿನಲ್ಲೇ ಮಾಡಿರಿ. ಸುಣ್ಣದ ತಿಳಿ ಕಣ್ಣಿಗೆ, ಬಾಯಿಗೆ ತಾಗದಂತೆ ಜಾಗ್ರತೆ ವಹಿಸಿರಿ. ಒಂದು ಲೋಟ ತಿಳಿಯೊಳಗೆ ಕೊಳವೆಯಿಂದ ಮೆಲ್ಲಗೆ ಊದಿ. ಅದು ಬೆಳ್ಳಗಾಗುತ್ತದೆ. ಉಸಿರಿನ ಇಂಗಾಲದ ಡೈಆಕ್ಸೈಡ್ ಸುಣ್ಣದೊಡನೆ ಸೇರಿ ಆದ ಕ್ಯಾಲ್ಸಿಯಂ ಕಾರ್ಬೊನೇಟ್ ಅದು. ಹವಳದ ಗೂಡೂ ಅದೇ ವಸ್ತುವಿನದು. ಅಲ್ಲಿಗೆ ನಿಲ್ಲಿಸಬೇಡಿ, ಬಹಳ ಹೊತ್ತು ಊದುತ್ತಲೇ ಇರಿ. ಬೆಳ್ಳಗಾದ ನೀರು ಮತ್ತೆ ತಿಳಿಯಾಗತೊಡಗುತ್ತದೆ. ಕಟ್ಟಿದ ಸುಣ್ಣ ಕರಗಿಹೋಗುತ್ತದೆ. ಕೈಗಾರಿಕಾ ಯುಗ ಆರಂಭವಾದಂದಿನಿಂದ ಸಮುದ್ರದ ಮೇಲ್ನೀರಿನ ಸರಾಸರಿ ರಸಸಾರ ಸುಮಾರು 8.2ರಿಂದ 8.1ಕ್ಕೆ ಇಳಿದಿದೆ. ಲೋಟದಲ್ಲಿ ಕಂಡಷ್ಟು ಬೇಗ ಸಮುದ್ರದಲ್ಲಿ ಗೂಡು ಕರಗುವುದಿಲ್ಲ. ಆದರೆ ಕಟ್ಟುವ ಕೆಲಸ ಹವಳಕ್ಕೆ ದಿನೇದಿನೇ ಕಷ್ಟವಾಗುತ್ತಿದೆ.

ಆ ಲೋಟವನ್ನು ಮನೆಯ ಹಿರಿಯರಿಗೂ ತೋರಿಸಿರಿ. ಮುಂದಿನ ಸಭೆಗೆ ಬರುವಾಗ ಎಷ್ಟು ಹೊತ್ತಿಗೆ ಬೆಳ್ಳಗಾಯಿತು, ಎಷ್ಟು ಹೊತ್ತಿಗೆ ತಿಳಿಯಾಯಿತು ಎಂಬುದನ್ನು ಬರೆದು ತನ್ನಿ.